ಗಾದಿ ಬಾಡಿಗೀದು, ಮನಿ ಯಾರದು?

ಹೋದ ವಾರ ಧಾರವಾಡದಿಂದ ನಮ್ಮ ವೈನಿ ಫೋನ್ ಮಾಡಿದ್ರು. ಮಾಳಮಡ್ಡಿಯೊಳಗ ಅವರ ಮನಿ ಹಿಂದಿನ ಭಾಗದಾಗ ಹನ್ನೊಂದು ವರ್ಷದಿಂದ ಒಂದು ಸಂಸಾರ ಬಾಡಿಗಿಗೆ ಅದ. ಗಂಡ ಕೋರ್ಟಿನಾಗ ಕಾರಕೂನ, ಹೆಂಡತಿ ಮನಿಯೊಳಗ ಕೂತು ಬ್ಲೌಸ್ ಹೊಲೀತಾಳ, ಎರಡು ಹುಡುಗ್ರು. ಈಗ ನಮ್ಮ ಅಣ್ಣನ ಮಗ ಬೆಂಗಳೂರಿಂದ ಹೇಳ್ಯಾನಂತ: "ಅವ್ವ, ಅವರನ್ನ ಬಿಡಸು. ಕಾಟು, ಗಾದಿ, ಫ್ರಿಜ್ಜು ಎಲ್ಲಾ ತಿಂಗಳ ಬಾಡಿಗಿಗೆ ಸಿಗತಾವ. ತಂದು ಹಾಕಿ ದಿನದ ಲೆಕ್ಕದಾಗ ಕೊಡೋಣ. ಒಂದು ಖುರ್ಚಿ ಸುದ್ಧಾ ಕೊಳ್ಳೋದು ಬ್ಯಾಡ." ವೈನಿ ಕೇಳಿದ್ರು, "ನೀ ಮೈಸೂರಾಗ ಇದನ್ನ ಮಾಡಿದ್ದೆಲಾ, ಹೆಂಗಾತು? ಖರೇ ಹೇಳು."

ಫೋನಿನಾಗ ಅರ್ಧಾ ಹೇಳಿದೆ. ಉಳದದ್ದು ಇಲ್ಲೆ ಬರೀತೀನಿ. ಯಾಕಂದ್ರ ಇದನ್ನ ಓದೋ ಮೌಶಿ, ಕಾಕು, ಆಜೂಬಾಜೂದವರು ಭಾಳ ಮಂದಿಗೆ ಮ್ಯಾಲೊಂದು ಮನಿ, ಹಿಂದೊಂದು ಎರಡು ಖೋಲಿ ಅವ. ಇವತ್ತಲ್ಲಾ ನಾಳೆ ನಿಮ್ಮ ಮಕ್ಕಳೂ ಈ ಮಾತು ತಗೀತಾರ.

ಮೊದಲ ನಮ್ಮ ಪದ್ಧತಿ ನೆನಸ್ರಿ. ನಮ್ಮ ಕಡೆ ಬಾಡಿಗಿ ಮನಿ ಅಂದ್ರ ನಾಕು ಗ್ವಾಡಿ, ಒಂದು ನಳ. ಬಿಟ್ಟು ಹೋಗೋರು ಬಲ್ಬ್ ಸುದ್ಧಾ ಬಿಚಗೊಂಡು ಹೋಗತಿದ್ರು. ಬರೋರು ಲಾರಿಯಿಂದ ಸಾಮಾನು ಇಳಿಸಿ, ದೇವರ ಫೋಟೋ ಇಟ್ಟು, ಹಾಲು ಉಕ್ಕಿಸಿದ್ರು ಅಂದ್ರ ಅದು ಅವರ ಮನಿ ಆಗತಿತ್ತು. ಕಾಗದದಾಗ ಮಾಲಕ ಯಾರರೆ ಇರಲಿ, ಮನಿ ಒಳಗಿನ ಕಪಾಟು ಅವರದು, ಕಾಟು ಅವರದು, ಕಾಟಿನ ಕೆಳಗಿನ ಟ್ರಂಕು ಅವರದು. ನಮ್ಮ ಅಪ್ಪ ಹೊಸಾ ಬಾಡಿಗಿದಾರರ ಸಾಮಾನು ಇಳಿಯೋದನ್ನ ನಿಂತು ನೋಡತಿದ್ರು. ಬೀಸೋ ಕಲ್ಲು ಇಳೀತು ಅಂದ್ರ "ಇವರು ನಿಲ್ಲತಾರ" ಅಂತಿದ್ರು.

ಸಾಮಾನು ಬಾಡಿಗಿಗೆ ತರೋದು ನಮಗ ಗೊತ್ತಿರಲಿಲ್ಲ ಅಂತಲ್ಲ. ಅದು ಮದವಿಗೆ. ನಮ್ಮ ಮೌಶಿ ಮದವಿಯೊಳಗ ಬೀಗರಿಗೆ ಬಿಡದಿ ಮನಿ ಅಂತ ಓಣಿಯೊಳಗ ಖಾಲಿ ಇದ್ದ ಮನಿ ಒಂದು ಹಿಡದಿದ್ರು. ಗಾದಿ, ಲೋಡು, ಜಮಖಾನಿ, ನೀರಿನ ಹಂಡೆ ಎಲ್ಲಾ ಪ್ಯಾಟಿಯಿಂದ ಬಾಡಿಗಿಗೆ ಬಂತು. ಗಾದಿ ಮೂಲಿಗೆ ಅಂಗಡಿಯವರ ಗುರುತು, ನಂಬರು. ಮೂರು ದಿನಾ ಆ ಮನಿ ಅರಮನಿ ಹಂಗ ಇತ್ತು. ನಾಕನೇ ದಿನಾ ಚಕ್ಕಡಿ ಬಂದು ಎಲ್ಲಾ ಹೇರಿಕೊಂಡು ಹೋತು. ಬಿಡದಿ ಅಂದ್ರ ಮನಿ ಅಲ್ಲ, ಇಳಿಯೋ ಜಾಗಾ. ನಮ್ಮ ಮಾತಿನೊಳಗ ಈ ಎರಡಕ್ಕೂ ಬ್ಯಾರೆ ಬ್ಯಾರೆ ಶಬ್ದ ಇದ್ದದ್ದು ಸುಮ್ಮನ ಅಲ್ಲ.

ಇಂಗ್ರೇಜಿಯವರಿಗೆ ನಮ್ಮ ದೇಶ ಪೂರಾನೇ ಒಂದು ಬಿಡದಿ ಇತ್ತು. ಇವತ್ತು ಬೆಂಗಳೂರು ದಂಡು, ಎರಡು ವರ್ಷಕ್ಕ ಬಳ್ಳಾರಿ, ಆಮ್ಯಾಲೆ ಮದ್ರಾಸು. ವರ್ಗಾ ಆದಾಗ ಸಾಮಾನು ಲಿಲಾವು ಹಾಕೋದು, ಹೊಸಾ ಊರಾಗ ಮತ್ತ ಕೊಳ್ಳೋದು, ಇಲ್ಲಾಂದ್ರ ಬಾಡಿಗಿಗೆ ತರೋದು. 1870ರಿಂದ ಮದ್ರಾಸ್ ಸರಕಾರ ಬ್ಯಾಸಗಿಯೊಳಗ ಊಟಿಯಿಂದ ಕೆಲಸಾ ನಡಸತಿತ್ತು. ಸೀಝನ್ ಬಂದ್ರ ಅಲ್ಲಿ ಬಂಗಲೆಗಳು ಸಾಮಾನು ಸಹಿತ ಬಾಡಿಗಿಗೆ ಹೋಗತಿದ್ವು. ಸಾಮಾನು ಹಾಕಿ ಕೊಡೋ ಮನಿ ಅಂದ್ರ, ಅವತ್ತಿನಿಂದನೂ, ನಿಲ್ಲದೇ ಇರೋರ ಮನಿ.

ಇದರ ಹಿಂದ ದೊಡ್ಡ ಇತಿಹಾಸ ಅದ ಅಂತ ನನಗ ತಿಳದದ್ದು ಮಾತ್ರ 2023ರಾಗ. ಮಗಳು ಓದಲಿಕ್ಕೆ ಸ್ಕಾಟ್ಲಂಡಿನ ಗ್ಲಾಸ್ಗೋಕ್ಕ ಹೋಗಿದ್ಲು, ನಾ ಎರಡು ತಿಂಗಳು ಅಕಿ ಹತ್ತಿರ ಇದ್ದೆ. ಅಕಿ ಬಾಡಿಗಿ ಮನಿಯೊಳಗ ಕಾಟು, ಸೋಫಾ ಅಷ್ಟ ಅಲ್ಲ, ಚಮಚಾ, ಬಟ್ಟಲಾ ಸುದ್ಧಾ ಮಾಲಕರದು. ಗೋಡಿಗೆ ಒಂದು ಮಳಿ ಹೊಡೀಬೇಕಂದ್ರೂ ಕೇಳಬೇಕು. "ಇದೇನ ತಂಗಿ, ಒಂದು ವರ್ಷದ ಬಿಡದಿ ಮನಿಯೊಳಗ ಇದ್ದಂಗ ಇದ್ದಿ" ಅಂದೆ. ಅದಕ್ಕ ಅಕಿ ನನ್ನ ಗೋವನ್ ಅನ್ನೋ ಓಣಿಗೆ ಕರಕೊಂಡು ಹೋಗಿ ಒಂದು ಪುತ್ಥಳಿ ತೋರಿಸಿದ್ಲು. ಮುಂದ ಒಬ್ಬಾಕಿ ಹೆಣ್ಣಮಗಳು, ಹಿಂದ ಮಂದಿ ಸಾಲು. ಆಕಿ ಮೇರಿ ಬಾರ್ಬರ್. ಪುತ್ಥಳಿ ನಿಲ್ಲಿಸಿದ್ದು 2018ರ ಮಹಿಳಾ ದಿನದ ದಿವಸ.

ಆಕಿ ಕಥಿ ಹಿಂಗದ. 1915, ಮೊದಲನೇ ಮಹಾಯುದ್ಧ. ಹಡಗು ಕಟ್ಟೋ, ಮದ್ದುಗುಂಡು ಮಾಡೋ ಕಾರಖಾನಿ ಕೆಲಸಕ್ಕ ಮಂದಿ ಬಂದು ಗ್ಲಾಸ್ಗೋ ತುಂಬಿತು. ಮನಿ ಕಡಿಮಿ, ಗಿರಾಕಿ ಭಾಳ. ಭಾಳ ಮನಿಗಳ ಗಂಡಸರು ಯುದ್ಧಕ್ಕ ಹೋಗಿದ್ರು. ಇದೇ ಛಲೋ ವ್ಯಾಳೆ ಅಂತ ಮಾಲಕರು ಬಾಡಿಗಿ ಏರಿಸಿದ್ರು. ಆವಾಗ ಓಣಿಯ ಹೆಣ್ಣಮಕ್ಕಳು ಕೂಡಿ, ಏರಿಸಿದ ಬಾಡಿಗಿ ಕೊಡೋದಿಲ್ಲ ಅಂತ ನಿಂತ್ರು. ಮನಿ ಬಿಡಸಲಿಕ್ಕೆ ಕೋರ್ಟಿನವರು ಬಂದ್ರ ಒಬ್ಬಾಕಿ ಗಂಟಿ ಬಾರಿಸೋದು. ಗಂಟಿ ಕೇಳಿದ ಕೂಡಲೇ ಉಳದವರು ಕೈಯಾಗಿನ ಕೆಲಸಾ ಬಿಟ್ಟು ಓಡಿ ಬಂದು ಮೆಟ್ಟಲಾ ಅಡ್ಡಗಟ್ಟೋದು, ಬಂದವರ ಮ್ಯಾಲೆ ಹಿಟ್ಟು ಒಗಿಯೋದು. ನವೆಂಬರ್ ಹೊತ್ತಿಗೆ ಸುಮಾರು 20,000 ಸಂಸಾರ ಈ ಮುಷ್ಕರದಾಗ ಇದ್ವು. ನವೆಂಬರ್ 17ಕ್ಕ ಬಾಡಿಗಿ ಖಟ್ಲೆ ಕೋರ್ಟಿಗೆ ಬಂದಾಗ ಸಾವಿರಗಟ್ಟಲೆ ಮಂದಿ ಹೊರಗ ನೆರೆದ್ರು, ಖಟ್ಲೆ ಕೈಬಿಟ್ರು. ಡಿಸೆಂಬರಿನೊಳಗ ಬ್ರಿಟಿಷ್ ಪಾರ್ಲಿಮೆಂಟು ಕಾಯ್ದೆ ಮಾಡಿತು: ಸಣ್ಣ ಮನಿಗಳ ಬಾಡಿಗಿ 1914ರ ಆಗಸ್ಟಿನೊಳಗ ಎಷ್ಟಿತ್ತೋ ಅಷ್ಟ, ಬಾಡಿಗಿ ಕೊಡತಿದ್ದವರನ್ನ ಹಂಗ ಹೊರಗ ಹಾಕೋ ಹಂಗಿಲ್ಲ.

ಇಲ್ಲಿ ತನಕ ಕೇಳಿ ನನಗ ಭಾಳ ಖುಷಿ ಆತು. ಆದ್ರ ಆ ಕಾಯ್ದೆಯೊಳಗ ಒಂದು ಸಣ್ಣ ಕಿಂಡಿ ಇತ್ತು. ಊಟಾ, ಆಳಿನ ಸೇವಾ ಅಥವಾ ಸಾಮಾನಿನ ಉಪಯೋಗ ಬಾಡಿಗಿಯೊಳಗ ಸೇರಿತ್ತು ಅಂದ್ರ ಅಂಥಾ ಮನಿಗೆ ಈ ಕಾಯ್ದೆ ಇಲ್ಲ! ತಿಳೀತಲಾ? ನಾಕು ಖುರ್ಚಿ ಹಾಕು, ಮನಿ ಕಾಯ್ದೆಯಿಂದ ಹೊರಗ. ಎಷ್ಟು ಸಾಮಾನು ಇದ್ರ ಅದು 'ಸಾಮಾನಿನ ಮನಿ' ಆಗತದ ಅನ್ನೋದು ದೊಡ್ಡ ಕೋರ್ಟಿನ ತನಕ ಹೋತು. ನೆಲಕ್ಕ ಹಾಸೋ ಲಿನೋಲಿಯಂ ತುಂಡು ಸಾಕೋ ಏನು ಅಂತ ನ್ಯಾಯಾಧೀಶರು ಕೂತು ವಿಚಾರ ಮಾಡಬೇಕಾತು. ಕಡೀಕ 1923ರಾಗ ಕಾಯ್ದೆ ತಿದ್ದಿ, ಬಾಡಿಗಿಯೊಳಗ ಸಾಮಾನಿನ ಪಾಲು ಗಣನೀಯ ಇದ್ದರಷ್ಟ ಈ ವಿನಾಯಿತಿ ಅಂತ ಬರದ್ರು. ಸಾಮಾನು ಹಾಕಿದ ಮನಿಯೊಳಗ ಇದ್ದವರಿಗೂ ಹೊರಗ ಬೀಳದಂಗ ಪೂರಾ ರಕ್ಷಣಾ ಸಿಕ್ಕಿದ್ದು 1974ರ ಕಾಯ್ದೆಯೊಳಗ. ಅಲ್ಲಿ ತನಕ, ಸುಮಾರು ಅರವತ್ತು ವರ್ಷ, ಒಂದು ಕಾಟು ಒಂದು ಕಪಾಟು ಬರೇ ಮಲಗಲಿಕ್ಕೆ, ಅರಿಬಿ ಇಡಲಿಕ್ಕೆ ಅಷ್ಟ ಇರಲಿಲ್ಲ. ಬಾಡಿಗಿದಾರರನ್ನ ಸಡಲ ಇಡೋ ಉಪಾಯನೂ ಆಗಿತ್ತು.

ಬಾಡಿಗಿ ಕಾಯ್ದೆ ನಮ್ಮ ದೇಶಕ್ಕೂ ಅದೇ ಯುದ್ಧದ ಕಾಲದಾಗ ಬಂತು. ಮುಂಬೈಯೊಳಗ 1918ರಾಗ, ನಮ್ಮ ಮೈಸೂರು ರಾಜ್ಯದ್ದು 1951ರಾಗ, ಆಮ್ಯಾಲೆ ಕರ್ನಾಟಕದ್ದು 1961ರದು. ನಮ್ಮವರು ಸಾಮಾನಿನ ಆಟಕ್ಕ ಅಷ್ಟು ಆಸ್ಪದ ಕೊಡಲಿಲ್ಲ. ದಿಲ್ಲಿಯ 1958ರ ಕಾಯ್ದೆಯೊಳಗ ಮಾಲಕ ಕೊಟ್ಟ ಸಾಮಾನೂ ಮನಿಯ ಭಾಗ ಅಂತನ ಬರದಾರ. ಆದ್ರ ಹೊಟೆಲ್, ಲಾಡ್ಜಿನ ಖೋಲಿ ಮಾತ್ರ ಹೊರಗ. ಇನ್ನ ನಮ್ಮ ಮಾಲಕರ ಉಪಾಯ ಬ್ಯಾರೆ ಇತ್ತು, ಹನ್ನೊಂದು ತಿಂಗಳ ಕರಾರು. ಒಂದು ವರ್ಷ ಮೀರಿದ ಕರಾರು ನೋಂದಣಿ ಆಗಬೇಕು ಅಂತ 1908ರ ಕಾಯ್ದೆ ಹೇಳತದ, ಅದಕ್ಕ ಒಂದು ತಿಂಗಳು ಕಡಿಮಿ. ನಮ್ಮ ಅಪ್ಪನೂ ಹನ್ನೊಂದು ತಿಂಗಳಿಗೇ ಬರಸತಿದ್ರು, ಖರೇ. ಆದ್ರ ಬೀಸೋ ಕಲ್ಲು ತಂದವರು ಹದಿನಾಲ್ಕು ವರ್ಷ ಇದ್ರು.

ಈಗ ನಮ್ಮ ಮೈಸೂರಿಗೆ ಬರ್ರಿ.

ನಾವು ಗೋಕುಲಂನಾಗ ಮನಿ ಕಟ್ಟಿದಾಗ ಇದು ಪಿಂಚಣಿದಾರರ ಓಣಿ. ಸಂಜಿಕೆ ಆರಕ್ಕ ಬಾಗಲಾ ಹಾಕತಿದ್ರು. ಪಟ್ಟಾಭಿ ಜೋಯಿಸರು ಆವಾಗ ಲಕ್ಷ್ಮೀಪುರಂನಾಗ ಯೋಗಾ ಹೇಳಿಕೊಡತಿದ್ರು. ಹಾಸನ ಕಡೆಯ ಕೌಶಿಕ ಅನ್ನೋ ಹಳ್ಳಿಯವರು, ಕೃಷ್ಣಮಾಚಾರ್ಯರ ಶಿಷ್ಯರು. 1964ರಾಗ ಬೆಲ್ಜಿಯಂ ದೇಶದ ಆಂದ್ರೆ ವಾನ್ ಲಿಸೆಬೆತ್ ಅನ್ನೋರು ಅವರ ಹತ್ತಿರ ಬಂದು ಕಲತು ಪುಸ್ತಕ ಬರದ ಮ್ಯಾಲೆ ಯುರೋಪಿನವರು ಬರಲಿಕ್ಕೆ ಶುರು ಮಾಡಿದ್ರು, 70ರ ದಶಕದಾಗ ಅಮೆರಿಕಾದವರು. ಅಲ್ಲಿ ಖೋಲಿ ಸಣ್ಣದು, ಒಂದೇ ಸಲಕ್ಕ ಹನ್ನೆರಡು ಮಂದಿ ಹಿಡಸೋದು ಕಠಿಣ. 2002ರಾಗ ಜೋಯಿಸರ ಶಾಲಾ ಗೋಕುಲಂಗೆ ಬಂತು. ಮುಂದಿನ ಏಳು ವರ್ಷದಾಗ, 2009ರಾಗ ಅವರು ತೀರಿಕೊಳ್ಳೋ ಹೊತ್ತಿಗೆ, ನಮ್ಮ ಓಣಿ ಗುರುತು ಹತ್ತದಂಗ ಆಗಿತ್ತು. ಬೆಳಗಿನ ಝಾವದಾಗ ಚಾಪಿ ಹೆಗಲಿಗೆ ಹಾಕ್ಕೊಂಡು ಹೋಗೋರು, ಎಳನೀರಿನ ಅಂಗಡಿ ಮುಂದ ಹತ್ತು ದೇಶದ ಮಂದಿ.

ಅವರು ಒಂದು ತಿಂಗಳಿಗೆ, ಎರಡು, ಮೂರು ತಿಂಗಳಿಗೆ ಬರೋರು. ಅವರ ಸಾಮಾನು ಅಂದ್ರ ಒಂದು ಚೀಲ, ಒಂದು ಚಾಪಿ. ಖಾಲಿ ಮನಿ ಅವರಿಗೆ ಏನು ಉಪಯೋಗ? ಮೊದಲ ಮಾಲಕರು ಅಟ್ಟದ ಮ್ಯಾಲಿನ ಹಳೇ ಕಾಟು ಇಳಿಸಿ ಕೊಟ್ರು. ಆಮ್ಯಾಲೆ ಹೊಸಾದು ಕೊಂಡ್ರು. 2010ರ ದಶಕದಾಗ ಬೆಂಗಳೂರಿನೊಳಗ ಫರ್ಲೆಂಕೊ, ರೆಂಟೊಮೊಜೊದಂಥಾ ಕಂಪನಿಗಳು ಹುಟ್ಟಿ, ಕಾಟಿನಿಂದ ಹಿಡದು ಅರಿಬಿ ಒಗಿಯೋ ಮಷಿನ್ ತನಕ ತಿಂಗಳ ಬಾಡಿಗಿಗೆ ಕೊಡಲಿಕ್ಕೆ ಶುರು ಮಾಡಿದ್ವು. ಮದಲ ಅದು ವರ್ಷಕ್ಕೊಮ್ಮೆ ಕೆಲಸಾ ಬದಲಿಸೋ ಹುಡುಗರಿಗೆ ಅಂತ ಇತ್ತು. ಸ್ವಲ್ಪ ದಿವಸಕ್ಕ ನಮ್ಮಂಥಾ ಮಾಲಕರಿಗೂ ಹೊಳೀತು: ಬಂಡವಾಳ ಇಲ್ಲದ ಖಾಲಿ ಮನಿ ಒಂದೇ ದಿನದಾಗ ಬಿಡದಿ ಮನಿ ಮಾಡಬಹುದು.

ನಮ್ಮ ಮ್ಯಾಲಿನ ಮನಿಯೊಳಗ ಒಂಬತ್ತು ವರ್ಷ ಒಬ್ಬಾಕಿ ಸಾಲಿ ಟೀಚರ್ ಇದ್ಲು. ಗಂಡ ಇಲ್ಲ, ತಾಯಿ, ಒಬ್ಬಾಕಿ ಮಗಳು. ತಿಂಗಳಿಗೆ 11,000. ಒಂದು ಸಲಾನೂ ತಡಾ ಮಾಡಿದಾಕಿ ಅಲ್ಲ. 2014ರಾಗ ನಮ್ಮನಿಯವರಿಗೆ ರಾತ್ರಿ ಎರಡಕ್ಕ ಎದಿನೋವು ಬಂದಾಗ ಸರ್ಕಲ್ ತನಕ ಓಡಿ ಆಟೋ ತಂದಾಕಿ ಆಕಿ. ಅಂಥಾಕಿಗೆ 2018ರ ಮಾರ್ಚಿನಾಗ ನಾ "ಮಗ ಬರತಾನ, ಮನಿ ಬೇಕಾಗೇದ" ಅಂತ ಹೇಳಿದೆ. ಸುಳ್ಳು. ಮಗ ಎಲ್ಲಿಂದನೂ ಬರೋನಿರಲಿಲ್ಲ. ಮೇ ತಿಂಗಳಾಗ ಆಕಿ ಬಿಟ್ಲು. ಅಡಗಿ ಮನಿಯೊಳಗ ತನ್ನ ಖರ್ಚಿನಾಗ ಕಡಪಾ ಕಲ್ಲಿನ ಮಾಡು ಹಾಕಿಸಿದ್ಲು. "ಇದನ್ನ ಏನ ಮಾಡತೀಯ?" ಅಂದೆ. "ಕಿತ್ರೆ ಗೋಡೆ ಹಾಳಾಗತ್ತೆ, ಇರ್ಲಿ ಬಿಡಿ ಆಂಟಿ" ಅಂದ್ಲು. ನಾ ಅದರ ರೊಕ್ಕಾ ಕೊಡಲಿಲ್ಲ. ಕೇಳಲಿಲ್ಲಲಾ ಅಂತ ಸುಮ್ಮನಾದೆ.

ಜೂನ್ ತಿಂಗಳಾಗ ಲಾರಿ ಬಂತು. ಎರಡು ಕಾಟು, ಗಾದಿ, ಸೋಫಾ, ಟೇಬಲ್, ಫ್ರಿಜ್ಜು, ಮಷಿನ್. ಎಲ್ಲಾದರ ಕೆಳಗ ನಂಬರಿನ ಚೀಟಿ, ನಮ್ಮ ಮೌಶಿ ಮದವಿ ಗಾದಿಗೆ ಇದ್ದಂಗ. ತಿಂಗಳಿಗೆ 4,800, ಕಡಿಮಿ ಅಂದ್ರ ಎರಡು ವರ್ಷದ ಕರಾರು. ಬಾಡಿಗಿದಾರರ ಜೋಡಿ ಹನ್ನೊಂದು ತಿಂಗಳು ಬರಸೋ ನಾವು ಕಾಟಿನ ಜೋಡಿ ಎರಡು ವರ್ಷಕ್ಕ ಸಹಿ ಹಾಕಿದ್ವಿ. ಇದು ನನಗ ಆವಾಗ ಹೊಳೀಲಿಲ್ಲ.

ಮೊದಲನೇ ವರ್ಷದ ಲೆಕ್ಕಾ ನನ್ನ ವಹಿಯೊಳಗ ಇನ್ನೂ ಅದ, ಹಂಗ ಕೊಡತೀನಿ. ನವೆಂಬರದಿಂದ ಮಾರ್ಚ್ ತನಕ ಐದು ತಿಂಗಳು, ತಿಂಗಳಿಗೆ 32,000. ಮಳಿಗಾಲ, ಬ್ಯಾಸಗಿ ಕೂಡಿ ನಾಕು ತಿಂಗಳು, 18,000ದಂಗ. ಮೂರು ತಿಂಗಳು ಖಾಲಿ. ಒಟ್ಟು ಬಂದದ್ದು 2,32,000. ನೋಡಿ ನಮ್ಮನಿಯವರು ಕುಣದಾಡೋದಷ್ಟ ಬಾಕಿ. ಈಗ ಹೋದದ್ದು ಬರಕೋರಿ. ಸಾಮಾನಿನ ಬಾಡಿಗಿ 57,600, ಅದು ಖಾಲಿ ತಿಂಗಳಿಗೂ ಕಟ್ಟಬೇಕು. ಇಂಟರ್ನೆಟ್ಟು 10,800. ಕಸಾ, ನೆಲಾ ಮಾಡೋಕಿಗೆ 18,000. ಕರೆಂಟು, ಗ್ಯಾಸು 10,800. ಉಳದದ್ದು 1,34,800. ಟೀಚರ್ ಇದ್ದಾಗ ವರ್ಷಕ್ಕ 1,32,000 ಬರತಿತ್ತು. ಅಂದ್ರ ವರ್ಷಿಡೀ ಚಾದರ್ ಒಗದು, ಹಾಸಿ, ರಾತ್ರಿ ಹನ್ನೊಂದಕ್ಕ ಬಾಗಲಾ ತಗದು, ಪರದೇಶದವರು ಬಂದ 24 ತಾಸಿನೊಳಗ ಸಿ ಫಾರ್ಮ್ ತುಂಬಿ, ನಾ ಗಳಿಸಿದ್ದು 2,800 ರೂಪಾಯಿ! ಗುಡ್ಡಾ ಅಗದು ಇಲಿ ಹಿಡದಂಗ. ಹನ್ನೆರಡು ತಿಂಗಳೂ ತುಂಬಿಸೋರಿಗೆ ಲಾಭ ಅದ, ಇಲ್ಲ ಅನ್ನೋದಿಲ್ಲ. ಆದ್ರ ಹಂಗ ತುಂಬಿಸಬೇಕಂದ್ರ ಅದು ಮನಿ ಕೆಲಸಾ ಅಲ್ಲ, ಲಾಡ್ಜಿನ ಕೆಲಸಾ.

ಬಂದವರ ಬಗ್ಗೆ ನನಗ ಒಂದೂ ಕಂಪ್ಲೇಂಟ್ ಇಲ್ಲ. ಭಾಳ ಛೊಲೋ ಹುಡುಗೀರು. ಒಬ್ಬಾಕಿ ನನ್ನ ಹತ್ತಿರ ಜ್ವಾಳದ ರೊಟ್ಟಿ ಬಡಿಯೋದು ಕಲತು ಹೋದ್ಲು. ಆದ್ರ ಹೆಸರು ಬಾಯಿಗೆ ಕೂಡ್ರೋದರಾಗ ಹೊರಡೋ ದಿನಾ ಬರತಿತ್ತು.

ಎರಡನೇ ವರ್ಷ 2020ರ ಮಾರ್ಚ್. ಮ್ಯಾಲೆ ಇಬ್ಬರು ಇದ್ರು. 22ಕ್ಕ ಪರದೇಶದ ವಿಮಾನ ಬಂದ್ ಅಂತ ಸುದ್ದಿ ಬಂದ ಕೂಡಲೇ ಸಿಕ್ಕ ಟಿಕೀಟು ಹಿಡದು ಹೋದ್ರು, ಫ್ರಿಜ್ಜಿನಾಗ ಮೊಸರು ಹಂಗ ಇತ್ತು. 25ರಿಂದ ಲಾಕ್‌ಡೌನ್. ಮ್ಯಾಲೆ ಎರಡು ಕಾಟು, ಒಂದು ಸೋಫಾ, ಮನುಷ್ಯಾರು ಇಲ್ಲ. ಕರಾರು ಮೇ ತಿಂಗಳಿಗೆ ಮುಗಿಯೋದಿತ್ತು, ಆದ್ರ ಲಾರಿ ಬರಲಿಲ್ಲ. ಏಪ್ರಿಲ್, ಮೇ, ಜೂನ್, ಖಾಲಿ ಮನಿಯೊಳಗಿನ ಖಾಲಿ ಕಾಟಿಗೆ 14,400 ಕಟ್ಟಿದ್ವಿ. ನಮ್ಮನಿಯವರ ಗುಳಗಿ ಮುಗದಾಗ ಔಷಧದ ಅಂಗಡಿಗೆ ಕಳಸಲಿಕ್ಕೆ ಮ್ಯಾಲೆ ಕರದ್ರ ಓ ಅನ್ನೋರು ಯಾರೂ ಇರಲಿಲ್ಲ. ಆವಾಗ ಆ ಟೀಚರ್ ನೆನಪಾದ್ಲು. ನಮ್ಮ ಓಣಿಯೊಳಗ ಹಂಗ ಸಾಲಾಗಿ ಏಳು ಮನಿ ದೀಪಾ ಇಲ್ಲದ ನಿಂತಿದ್ವು. ಎಲ್ಲಾ ಬಿಡದಿ ಮನಿಗಳು, ದಿಬ್ಬಣ ಹೋಗಿತ್ತು.

ಜುಲೈದಾಗ ಲಾರಿ ಬಂತು. ಗಾದಿ ಮ್ಯಾಲೆ ಹರಳೆಣ್ಣಿ ಕಲೆ ಅದ ಅಂತ ಡಿಪಾಜಿಟ್ಟಿನಾಗ 3,600 ಮುರಕೊಂಡ್ರು. ಯೋಗಾ ಮಾಡೋರು ಶನಿವಾರ ಹರಳೆಣ್ಣಿ ಹಚಗೊಂಡು ಎಣ್ಣಿ ನೀರು ಹಾಕ್ಕೋತಾರ, ಅದರ ಪ್ರಸಾದ.

ಇದು ನಮ್ಮ ಓಣಿ ಮಾತಷ್ಟ ಅಲ್ಲ. ಇವತ್ತಿನ ಈ ದೊಡ್ಡ ಧಂದೆ ಹುಟ್ಟಿದ್ದೂ ಗಾದಿ ಮ್ಯಾಲೇನ. 2007ರಾಗ ಸ್ಯಾನ್ ಫ್ರಾನ್ಸಿಸ್ಕೊದ ಇಬ್ಬರು ಹುಡುಗರು ಮನಿ ಬಾಡಿಗಿ ಕಟ್ಟಲಿಕ್ಕೆ ರೊಕ್ಕಾ ಸಾಲದ, ನೆಲದ ಮ್ಯಾಲೆ ಮೂರು ಗಾಳಿಗಾದಿ ಹಾಸಿ ಮಂದಿ ಇಳಿಸಿಕೊಂಡ್ರು. ಮುಂದ ಅದೇ ಏರ್‌ಬಿಎನ್‌ಬಿ ಆತು. ಬಾಡಿಗಿದಾರರು ತಮ್ಮ ಮನಿ ಉಳಿಸಿಕೊಳ್ಳಲಿಕ್ಕೆ ಮಾಡಿದ್ದು, ಸ್ವಲ್ಪ ವರ್ಷದಾಗ ಬಾಡಿಗಿದಾರರನ್ನ ಬಿಡಸಲಿಕ್ಕೆ ಉಪಯೋಗ ಆತು. ನ್ಯೂಯಾರ್ಕಿನೊಳಗ 2023ರಿಂದ, ಮೂವತ್ತು ದಿನಕ್ಕಿಂತ ಕಡಿಮಿ ಬಾಡಿಗಿಗೆ ಕೊಡೋರು ನೋಂದಣಿ ಮಾಡಸಬೇಕು, ತಾವೂ ಅದೇ ಮನಿಯೊಳಗ ಇರಬೇಕು. ಬಾರ್ಸಿಲೋನಾದವರು 2028ರ ಹೊತ್ತಿಗೆ ಇಂಥಾ 10,101 ಪರವಾನಗಿ ಪೂರಾ ನಿಲ್ಲಸತೀವಿ ಅಂತ 2024ರಾಗ ಹೇಳ್ಯಾರ. 1915ರ ಸಾಮಾನಿನ ಕಿಂಡಿ ಮುಚ್ಚೋ ಕೆಲಸಾ ಇನ್ನೂ ನಡದದ ಅಂತ ನನಗ ಅನಸತದ.

ಹಿಂಗಾಗಿ ವೈನಿ, ನಿಮ್ಮ ಪ್ರಶ್ನೆಗೆ ಉತ್ತರ. ಖಾಲಿ ಬಿದ್ದ ಮನಿ ಇದ್ರ, ಅಥವಾ ನೀವು ಇರೋ ಮನಿಯೊಳಗ ಒಂದು ಖೋಲಿ ಹೆಚ್ಚಿದ್ರ, ಸಾಮಾನು ಹಾಕಿ ಕೊಡ್ರಿ. ತಪ್ಪೇನಿಲ್ಲ. ಸಹಿ ಹಾಕೋಕಿಂತ ಮದಲ ಮೂರು ಕೇಳ್ರಿ: ಕಡಿಮಿ ಅಂದ್ರ ಎಷ್ಟು ತಿಂಗಳು, ನಡುವ ಬಿಟ್ರ ಎಷ್ಟು ದಂಡ, ಕಲೆ ಬಿದ್ರ ಯಾರ ತಲಿ ಮ್ಯಾಲೆ. ಖಾಲಿ ತಿಂಗಳು ಮೂರಲ್ಲ, ಐದು ಅಂತ ಹಿಡದು ಲೆಕ್ಕಾ ಹಾಕ್ರಿ. ಆದ್ರ ಸಂಸಾರ ಇರೋ ಮನಿ ಬಿಡಿಸಿ ಇದನ್ನ ಮಾಡಬ್ಯಾಡ್ರಿ. ಬಾಡಿಗಿ ಕಡಿಮಿ ಅನಿಸಿದ್ರ ಆಕಿನ್ನ ಕೂಡಿಸಿಕೊಂಡು ಖರೇ ಹೇಳಿ ಸಾವಿರ ರೂಪಾಯಿ ಏರಸ್ರಿ. ಆಕಿ ಹೊಲಿಗಿ ಮಷಿನ್ ಹನ್ನೊಂದು ವರ್ಷದಿಂದ ಆ ಕಿಡಕಿ ಹತ್ತಿರ ಅದ ಅಂದ್ರಲಾ, ಅದು ಬಾಡಿಗೀದಲ್ಲ.

ನಮ್ಮ ಮ್ಯಾಲಿನ ಮನಿಯೊಳಗ ಈಗ ಹಾಸನದವರು ಒಂದು ಸಂಸಾರ ಇದ್ದಾರ, 14,000ಕ್ಕ. ಬರೋವಾಗ ಅವರೇ ಲಾರಿ ತುಂಬ ಸಾಮಾನು ತಂದ್ರು. ಕಡಪಾ ಮಾಡಿನ ಮ್ಯಾಲೆ ಡಬ್ಬಿ ಹೊಂದಿಸೋವಾಗ ಆಕಿ ಕೇಳಿದ್ಲು, "ಎಷ್ಟು ಚೆನ್ನಾಗಿ ಮಾಡ್ಸಿದೀರ ಆಂಟಿ, ಎಷ್ಟಾಯ್ತು?" ನನಗ ಎಷ್ಟಾತು ಅಂತ ಗೊತ್ತಿರಲಿಲ್ಲ. ಅವತ್ತ ಸಂಜಿಕೆ ಆ ಟೀಚರ್‌ಗೆ ಫೋನ್ ಮಾಡಿ ಕೇಳಿದೆ. ಮದಲ ನಕ್ಕಳು, ಆಮ್ಯಾಲೆ 2,600 ಅಂದ್ಲು. ಕಳಸೀನಿ. ಮಗ ಬರತಾನ ಅಂದದ್ದು ಸುಳ್ಳು ಅಂತನೂ ಹೇಳಿದೆ. "ಗೊತ್ತಿತ್ತು ಆಂಟಿ" ಅಂದ್ಲು.